ಬೀಳುವುದಕ್ಕೂ ಜಾಗವಿಲ್ಲ

ಹಳ್ಳಿಯಲ್ಲಿ ಮರ ಉರುಳಿಸುವ ವಿದ್ಯೆ ಸರಳ. ಯಾವ ಕಡೆ ಬೀಳಬೇಕೋ ಆ ಕಡೆ ಬುಡಕ್ಕೆ ಕಚ್ಚು ಹಾಕಿ, ಹಗ್ಗ ಬಿಗಿದು ಎಳೆದರೆ ಮುಗಿಯಿತು. ಬೆಂಗಳೂರಿನ ಮೂವತ್ತು-ನಲವತ್ತು ಅಡಿ ನಿವೇಶನಗಳ ಬಡಾವಣೆಗಳಲ್ಲಿ ಈ ವಿದ್ಯೆ ನಡೆಯುವುದಿಲ್ಲ. ಮರಕ್ಕೆ ಇಲ್ಲಿ ನಿಲ್ಲಲು ಜಾಗವಿಲ್ಲ ಎಂದು ಅರ್ಜಿ ಕೊಟ್ಟು ಬಂದ ಮೇಲೆ, ಬೀಳಲೂ ಜಾಗವಿಲ್ಲ ಎಂಬುದು ನಿವಾಸಿಗಳ ಅರಿವಿಗೆ ಬರುತ್ತದೆ.

ಆರೋಪಿ ಸಾಮಾನ್ಯವಾಗಿ ಮಳೆಮರ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆಯಾದ ಜಾತಿ. ಮೊದಲ ಆರೋಪ, ಒತ್ತುವರಿ. ಬಡಾವಣೆಯಾದಾಗಿನಿಂದ ನಿಂತಲ್ಲೇ ನಿಂತಿರುವ ಮರದ ಮೇಲೆ, ಮೊನ್ನೆ ಮೊನ್ನೆ ಸೆಟ್‌ಬ್ಯಾಕ್, ಅಂದರೆ ಸುತ್ತ ಖಾಲಿ ಬಿಡಬೇಕಾದ ಜಾಗ, ನುಂಗಿ ಎದ್ದ ನಾಲ್ಕು ಅಂತಸ್ತಿನ ಕಟ್ಟಡದ ದೂರು: ಕೊಂಬೆ ನಮ್ಮ ಬಾಲ್ಕನಿಗೆ ತಾಗುತ್ತಿದೆ. ಬಾಲ್ಕನಿ ರಸ್ತೆಯ ಮೇಲಿದೆ ಎಂಬ ಸಣ್ಣ ಸಂಗತಿಯನ್ನು ದೂರಿನಲ್ಲಿ ಬರೆಯುವ ವಾಡಿಕೆಯಿಲ್ಲ.

ಎರಡನೆಯ ಆರೋಪ, ಬೇರು ಸಡಿಲವಾಗಿದೆ. ಇದು ಅಪ್ಪಟ ಸತ್ಯ. ಚರಂಡಿಗೆಂದು ಒಂದು ಬದಿಯ ಬೇರು ಕಡಿದು, ಕೇಬಲ್ಲಿಗೆಂದು ಇನ್ನೊಂದು ಬದಿ ಅಗೆದು, ಉಳಿದ ಮಣ್ಣಿನ ಮೇಲೆ ಬೊಡ್ಡೆಗೆ ಒತ್ತಿ ಕಾಂಕ್ರೀಟ್ ಸುರಿದಿದ್ದೇವೆ. ವಿದ್ಯುತ್ ತಂತಿಗಾಗಿ ಒಂದೇ ಕಡೆಯ ಕೊಂಬೆ ಸವರಿ, ಭಾರವನ್ನೆಲ್ಲ ಮನೆಗಳ ಕಡೆಗೆ ವಾಲಿಸಿದ್ದೇವೆ. ಇಷ್ಟಾದ ಮೇಲೂ ನಿಂತಿದೆ ಎಂದರೆ ಮರ ಅಪಾಯಕಾರಿಯೇ ಸರಿ.

1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಹಿತ್ತಲಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರದ ಉಸಿರು ಕಟ್ಟಿಸುವುದಕ್ಕೆ ಮಾತ್ರ ಯಾರೂ ಅರ್ಜಿ ಹಾಕಿದ್ದನ್ನು ನಾನು ಕಂಡಿಲ್ಲ. 2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತಲ್ಲ, ಗಡಿರಸ್ತೆಯ ಮರಗಳಿಗೆ ಅದರಿಂದ ಹೊಸ ಯೋಗ ಕೂಡಿಬಂದಿದೆ: ಬುಡ ಒಂದು ಪಾಲಿಕೆಯಲ್ಲಿ, ನೆರಳು ಇನ್ನೊಂದರಲ್ಲಿ.

ಕಡಿಯುವ ದಿನ ಬೀದಿಗೆ ಜಾತ್ರೆಯ ಕಳೆ. ಕ್ರೇನ್ ತಿರುವಿನಲ್ಲೇ ಸಿಕ್ಕಿಕೊಳ್ಳುತ್ತದೆ; ರಸ್ತೆಯ ಎರಡೂ ಬದಿ ಕಾರುಗಳು, ಮಾಲೀಕರಲ್ಲಿ ಒಬ್ಬರು ಊರಲ್ಲಿಲ್ಲ. ಕೊನೆಗೆ ಮರ ಹತ್ತುವವನೇ ಗತಿ. ಸೊಂಟಕ್ಕೆ ಹಗ್ಗ, ಹಗ್ಗಕ್ಕೆ ಗರಗಸ ಕಟ್ಟಿಕೊಂಡು ತುದಿಗೆ ಏರಿ, ಮೇಲಿನಿಂದ ಕೆಳಕ್ಕೆ ತುಂಡು ತುಂಡಾಗಿ ಕತ್ತರಿಸುತ್ತಾ ಇಳಿಯಬೇಕು. ಪ್ರತಿ ತುಂಡಿಗೂ ಮೊದಲೇ ಹಗ್ಗ ಬಿಗಿದು ಕವಲಿನ ಮೇಲೆ ಹಾಯಿಸಿ, ಅದರ ಇನ್ನೊಂದು ತುದಿಯನ್ನು ಕೆಳಗಿನವರು ಬೊಡ್ಡೆಗೆ ಎರಡು ಮೂರು ಸುತ್ತು ಸುತ್ತಿ ಹಿಡಿಯುತ್ತಾರೆ. ಆ ಸುತ್ತಿನ ತಿಕ್ಕಾಟದಿಂದಲೇ ಕ್ವಿಂಟಲ್ ತೂಕದ ಕೊಂಬೆ ಶೀಟಿನ ಮನೆಯ ಮೇಲೆ ಕುಸಿಯದೆ, ಅಂಗೈಯಗಲದ ಸಂದಿಯಲ್ಲಿ ತೂಗಾಡುತ್ತಾ ಇಳಿಯುತ್ತದೆ. ಇಡೀ ಪ್ರಕರಣದಲ್ಲಿ ತನ್ನ ಕೆಲಸ ಬಲ್ಲವನು ಮೇಲಿರುವ ಅವನೊಬ್ಬನೇ. ತಲೆಗೆ ಹೆಲ್ಮೆಟ್ ಇಲ್ಲದವನೂ ಅವನೇ. ಬಾಲ್ಕನಿಗಳಿಂದ ಅವನಿಗೆ ಸಲಹೆಗಳು ಧಾರಾಳವಾಗಿ ಹರಿದುಬರುತ್ತವೆ: "ಸ್ವಲ್ಪ ಎಡಕ್ಕೆ ಬಿಡಪ್ಪಾ, ಬಲಕ್ಕೆ ನಮ್ಮ ಇಂಟರ್ನೆಟ್ ವೈರ್ ಇದೆ!"

ಸಂಜೆಗೆ ಕೆಲಸ ಮುಗಿಯುತ್ತದೆ. ಕಾಸು ಬರುವ ದಿಮ್ಮಿ ಅಂದೇ ಲಾರಿ ಹತ್ತುತ್ತದೆ. ಕಾಸು ಬಾರದ ರೆಂಬೆಗಳು ಮುಂದಿನ ಮಳೆಗಾಲದವರೆಗೆ ಫುಟ್‌ಪಾತಿನಲ್ಲಿ ಬಿದ್ದಿರುತ್ತವೆ. ಕಡಿಯುವ ಗುತ್ತಿಗೆಯಲ್ಲಿ ಬುಡ ಕೀಳುವುದು ಸೇರಿಲ್ಲವಂತೆ. ಹಾಗಾಗಿ ಅದು ಅಲ್ಲೇ.

ಮಾರನೆಯ ವಾರ ಪರಿಹಾರದ ಸಸಿ ಬರುತ್ತದೆ. ಟೈಲ್ಸ್ ಒಡೆದು ಒಂದಡಿ ಗುಂಡಿ ತೋಡಿ, ಸರಿಯಾಗಿ ವಿದ್ಯುತ್ ತಂತಿಯ ಕೆಳಗೇ ನೆಡುತ್ತಾರೆ. ಪಕ್ಕದಲ್ಲಿ ಸಸಿಗಿಂತ ಎತ್ತರದ ಫಲಕ, ಫಲಕದಲ್ಲಿ 2020ರಲ್ಲೇ ಅವಧಿ ಮುಗಿದ ಮಾಜಿ ಕಾರ್ಪೊರೇಟರೊಬ್ಬರ ನಗುಮುಖ. ಯಾವ ಸಸಿ ಎಂದು ಬಗ್ಗಿ ನೋಡಿದರೆ, ಮಳೆಮರ.