ಸಾಲಕ್ಕಿಂತ ಕಡಿಮೆ ಬೆಲೆಗೆ ಮನೆ ಮಾರಿದೆವು

ಮೊನ್ನೆ ರಾತ್ರಿ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ, ಎಲ್ಲರೂ ಹೊರಡಬೇಕು, ಆದರೆ ಮನೆ ಮಾರಿದರೆ ಬರುವ ದುಡ್ಡು ಬ್ಯಾಂಕಿನ ಸಾಲಕ್ಕೇ ಸಾಲುವುದಿಲ್ಲ. "ಎರಡು ವರ್ಷ ಕಾದರೆ ರೇಟ್ ವಾಪಸ್ ಬರುತ್ತೆ ಅಲ್ವೇನೇ?" ಅಂತ ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇದೇ ಮಾತನ್ನು ನನಗೆ ನಾನೇ ಹೇಳಿಕೊಂಡು ಮೂರು ವರ್ಷ ಕಳೆದವಳು ನಾನು. ಫೋನಿನಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇಂಥದ್ದೇ ಕಷ್ಟದಲ್ಲಿ ಇನ್ನೂ ಎಷ್ಟು ಜನ ಇದ್ದಾರೋ.

ಇದನ್ನು ನೆಗೆಟಿವ್ ಈಕ್ವಿಟಿ ಅಂತಾರೆ. ಮನೆಗೆ ಇವತ್ತು ಸಿಗುವ ಬೆಲೆಗಿಂತ ಬಾಕಿ ಸಾಲವೇ ಜಾಸ್ತಿ, ಅಷ್ಟೇ. ನಮ್ಮ ಲೆಕ್ಕವನ್ನು ನೂರರ ಮೇಲೆ ಹೇಳುತ್ತೇನೆ. 100ಕ್ಕೆ ಮನೆ ಕೊಂಡೆವು. ಅದರಲ್ಲಿ 90 ಸಾಲ. ಎರಡೇ ವರ್ಷಕ್ಕೆ ನನ್ನ ಗಂಡನಿಗೆ ಬೇರೆ ಊರಿಗೆ ವರ್ಗ ಆಯಿತು. ಮನೆ ಮಾರಲು ಹೊರಟಾಗ ಒಬ್ಬರು ಬಂದು 80 ಕೊಡುತ್ತೇವೆ ಅಂದರು. ಆಗ ಸಾಲದ ಬಾಕಿ ಇದ್ದದ್ದು 86. ನಮಗೆ ಸಿಟ್ಟೇ ಬಂತು. 100 ಕೊಟ್ಟ ಮನೆಗೆ 80 ಅಂತ ಹೇಳಲು ಬಾಯಾದರೂ ಹೇಗೆ ಬಂತು ಅಂತ ಆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.

ಕಾದೆವು. ಅವರು ಅಲ್ಲಿ ಬಾಡಿಗೆ ರೂಮಿನಲ್ಲಿ, ನಾನು ಮತ್ತು ಮಗ ಇಲ್ಲಿ. ಒಂದು ಕಡೆ ಕಂತು, ಇನ್ನೊಂದು ಕಡೆ ಬಾಡಿಗೆ. ವಾರದ ಕೊನೆಗೆ ಬರುತ್ತಿದ್ದರು. ಭಾನುವಾರ ಸಂಜೆ ಬ್ಯಾಗಿನ ಜಿಪ್ ಎಳೆಯುವ ಸದ್ದು ಕೇಳಿದರೆ ಸಾಕು, ಮಗ ಮಾತು ನಿಲ್ಲಿಸಿಬಿಡುತ್ತಿದ್ದ. ಮೂರು ವರ್ಷದ ಮೇಲೆ ಕೊನೆಗೂ ಮಾರಿದೆವು. 70ಕ್ಕೆ. ಆಗ ಬಾಕಿ 80. ಮೊದಲೇ ಮಾರಿದ್ದರೆ ಕೈಯಿಂದ ತುಂಬಬೇಕಿದ್ದದ್ದು 6, ಈಗ 10 ಆಯಿತು. ಮೂರು ವರ್ಷದ ಆ ಬಾಡಿಗೆ ಬೇರೆ.

ಕಂತು ಒಂದೂ ತಪ್ಪಿಸದೆ ಕಟ್ಟಿದ್ದರೂ ಸಾಲ ಯಾಕೆ ಕರಗಲಿಲ್ಲ ಅಂತ ನನಗೂ ಅರ್ಥವಾಗಿರಲಿಲ್ಲ. ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. 9% ಬಡ್ಡಿಗೆ 20 ವರ್ಷದ ಸಾಲ ಅಂದರೆ, 100 ಸಾಲಕ್ಕೆ ಮೊದಲ 5 ವರ್ಷದಲ್ಲಿ ನಾವು ಕಟ್ಟುವುದು ಸುಮಾರು 54. ಅಷ್ಟು ಕಟ್ಟಿದ ಮೇಲೂ ಸುಮಾರು 89 ಬಾಕಿ ಇರುತ್ತದೆ! ಶುರುವಿನ ಕಂತುಗಳಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತದೆ, ಅಸಲು ಅರ್ಧ ತೀರುವ ಹೊತ್ತಿಗೆ 14 ವರ್ಷ ಆಗಿರುತ್ತದೆ. ಬೆಲೆ ಬೇಗ ಇಳಿಯುತ್ತದೆ, ಅಸಲು ನಿಧಾನಕ್ಕೆ ಇಳಿಯುತ್ತದೆ. ಕೈಯಿಂದ ಕಡಿಮೆ ಹಾಕಿ ಜಾಸ್ತಿ ಸಾಲ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ.

ನಾನು ಮಾಡಿದ ದೊಡ್ಡ ತಪ್ಪು ಅಂದರೆ 100 ಅನ್ನುವ ಸಂಖ್ಯೆಯನ್ನು ಹಿಡಿದುಕೊಂಡು ಕೂತದ್ದು. ಅದು ನಾವು ಕೊಟ್ಟ ಬೆಲೆ. ಕೊಳ್ಳಲು ಬಂದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ, ಅವರು ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಅಂತ ನೋಡುತ್ತಾರೆ. ಇದು ನಮ್ಮೊಬ್ಬರ ಕಥೆಯೂ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಫ್ಲ್ಯಾಟ್ ಮಾರಲು ಹೊರಟವರನ್ನು ಜೆನೆಸೊವ್ ಮತ್ತು ಮೇಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ್ದಾರೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದವರು ಉಳಿದವರಿಗಿಂತ ಜಾಸ್ತಿ ಬೆಲೆ ಹೇಳುತ್ತಿದ್ದರು, ಅವರ ಮನೆ ಮಾರಾಟವಾಗಲು ಜಾಸ್ತಿ ದಿನ ಹಿಡಿಯುತ್ತಿತ್ತು. ಅದನ್ನು ಓದಿದಾಗ ನನ್ನನ್ನೇ ನೋಡಿ ಬರೆದ ಹಾಗಿತ್ತು.

ರೇಟ್ ವಾಪಸ್ ಬರಲ್ವಾ ಅಂದರೆ, ಬರಬಹುದು. ಯಾವಾಗ ಅನ್ನುವುದೇ ಪ್ರಶ್ನೆ. ಐರ್ಲೆಂಡಿನಲ್ಲಿ 2007ರಲ್ಲಿ ಮನೆ ಬೆಲೆ ತುದಿ ಮುಟ್ಟಿ, 2013ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂತು. ಮತ್ತೆ ಆ ಹಳೆಯ ಮಟ್ಟ ದಾಟಿದ್ದು 2022ರಲ್ಲಿ. ಹದಿನೈದು ವರ್ಷ! ಜಪಾನಿನಲ್ಲಿ 1991ರ ಆಸುಪಾಸಿನಲ್ಲಿ ಇಳಿಯಲು ಶುರುವಾದ ಜಾಗದ ಬೆಲೆ ಒಂದೂವರೆ ದಶಕ ಇಳಿಯುತ್ತಲೇ ಹೋಯಿತು. ಅಷ್ಟರಲ್ಲಿ ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟೇ ಹೋಗಿರುತ್ತಾರೆ.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಊರು ಬಿಡುವ ಅಗತ್ಯ ಇಲ್ಲದವರು, ಕಂತು ಆರಾಮಾಗಿ ಕಟ್ಟುತ್ತಿರುವವರು ಇದನ್ನು ಓದಿ ಗಾಬರಿಯಾಗಬೇಡಿ. ನಿಮ್ಮ ಮನೆಯ ಬೆಲೆ ಇವತ್ತು ಎಷ್ಟಿದ್ದರೂ ನಿಮಗೆ ಏನೂ ಆಗಬೇಕಿಲ್ಲ. ಸುಮ್ನೆ ಇರಿ, ಕಂತು ಕಟ್ಟಿ. ನಾನು ಹೇಳುತ್ತಿರುವುದು ಹೊರಡಲೇಬೇಕಾದವರಿಗೆ. ಹೊರಡಲೇಬೇಕು ಅಂತಾದರೆ ಮೊದಲು ನೋಡಬೇಕಾದ್ದು ಒಂದೇ: ಇವತ್ತು ಮಾರಿದರೆ ಎಷ್ಟು ಕಡಿಮೆ ಬೀಳುತ್ತದೆ, ಮಾರದೆ ಎರಡು ಸಂಸಾರ ನಡೆಸಿದರೆ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ.

ಬಾಡಿಗೆಗೆ ಕೊಡುವುದನ್ನೂ ನೋಡಿದ್ದೆವು. ಬರುವ ಬಾಡಿಗೆ ಕಂತಿನ ಅರ್ಧಕ್ಕೂ ಸಾಲುತ್ತಿರಲಿಲ್ಲ, ದೂರದಿಂದ ರಿಪೇರಿ ನೋಡಿಕೊಳ್ಳುವುದೂ ಆಗುತ್ತಿರಲಿಲ್ಲ. ಕೆಲವರಿಗೆ ಅದು ಸರಿಹೋಗಬಹುದು.

ಮಾರುವುದಾದರೆ ಮೊದಲು ಬ್ಯಾಂಕಿಗೆ ಹೋಗಿ. ಪೂರ್ತಿ ತೀರಿಸಲು ಇವತ್ತಿಗೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ, ಬೇಗ ತೀರಿಸಿದ್ದಕ್ಕೆ ಶುಲ್ಕ ಇದೆಯಾ ಅಂತಲೂ ಕೇಳಿ. ಮನೆ ಅಡಮಾನದಲ್ಲಿ ಇರುವುದರಿಂದ ಕೊಳ್ಳುವವರ ದುಡ್ಡು ಮೊದಲು ಬ್ಯಾಂಕಿಗೇ ಹೋಗುತ್ತದೆ. ಕಡಿಮೆ ಬಿದ್ದದ್ದನ್ನು ನಾವು ಹಾಕಿದ ಮೇಲೆಯೇ ಮನೆ ಸಾಲದಿಂದ ಬಿಡುಗಡೆ. ಬ್ರೋಕರ್ ಕಮಿಷನ್, ಸಾಮಾನು ಸಾಗಿಸುವ ಖರ್ಚು ಸೇರಿದರೆ ಆ ಅಂತರ ಇನ್ನೂ ದೊಡ್ಡದಾಗುತ್ತದೆ, ನಾವು ಇದನ್ನು ಮರೆತು ಕೊನೆಯ ವಾರ ಒದ್ದಾಡಿದೆವು. ನಾವು ಅರ್ಧ ಉಳಿತಾಯದಿಂದ ಹಾಕಿ, ಅರ್ಧಕ್ಕೆ ಪರ್ಸನಲ್ ಲೋನ್ ತೆಗೆದೆವು. ಬಡ್ಡಿ ಜಾಸ್ತಿಯೇ, ಆದರೆ ಸಣ್ಣ ಮೊತ್ತ, ಕೊನೆ ಕಣ್ಣಿಗೆ ಕಾಣುತ್ತದೆ. ಬ್ರಿಟನ್, ಐರ್ಲೆಂಡಿನಂಥ ಕಡೆ ಕೆಲವು ಬ್ಯಾಂಕುಗಳು ಈ ಅಂತರವನ್ನು ಹೊಸ ಮನೆಯ ಸಾಲಕ್ಕೇ ಸೇರಿಸಿ ಕೊಟ್ಟದ್ದುಂಟು. ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಕಂತು ತಪ್ಪುವ ಮೊದಲೇ ಕೇಳಬೇಕು. ಎರಡು ಮೂರು ಕಂತು ತಪ್ಪಿದ ಮೇಲೆ ಅದೇ ಬ್ಯಾಂಕಿನವರು ಮಾತಾಡುವ ರೀತಿಯೇ ಬೇರೆ.

ಬೀಗದ ಕೈ ಬ್ಯಾಂಕಿಗೆ ಕೊಟ್ಟುಬಿಟ್ಟರೆ ಮುಗಿಯಿತು ಅಂತ ಹೇಳುವವರ ಮಾತು ದಯವಿಟ್ಟು ಕೇಳಬೇಡಿ. ಕ್ಯಾಲಿಫೋರ್ನಿಯಾದಂಥ ಕಡೆ, ವಾಸಕ್ಕೆ ಮನೆ ಕೊಳ್ಳಲೆಂದೇ ತೆಗೆದ ಸಾಲದಲ್ಲಿ ಉಳಿದ ಬಾಕಿಯನ್ನು ಕೇಳುವಂತಿಲ್ಲ ಅನ್ನುವ ಕಾನೂನು ಇದೆ. ಎಲ್ಲ ಕಡೆ ಹಾಗಿಲ್ಲ. 1990ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ಬೀಗದ ಕೈ ಕೊಟ್ಟು ಹೋದವರಿಗೆ ವರ್ಷಗಳ ನಂತರ ಉಳಿದ ಸಾಲ ಕಟ್ಟಿ ಅಂತ ಪತ್ರ ಬಂದಿತ್ತು. 2008ರ ನಂತರ ಸ್ಪೇನ್‌ನಲ್ಲಿ ಮನೆಯೂ ಹೋಗಿ ಸಾಲವೂ ಉಳಿದ ಜನ ಬೀದಿಗಿಳಿದು ಹೋರಾಡಿದರು.

ಇಷ್ಟೆಲ್ಲ ಲೆಕ್ಕಕ್ಕಿಂತ ನನಗೆ ಕಷ್ಟವಾದದ್ದು ಮನೆಯವರಿಗೆ ಹೇಳುವುದು. ಎರಡು ವರ್ಷ ಅಪ್ಪನಿಂದ ಮುಚ್ಚಿಟ್ಟಿದ್ದೆ. ಗೃಹಪ್ರವೇಶದ ದಿನ ಅವರು ಎಷ್ಟು ಖುಷಿಪಟ್ಟಿದ್ದರು ಅನ್ನುವುದು ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ಹೇಳಿದಾಗ ಅವರು ಬೈಯಲಿಲ್ಲ. "ಎಷ್ಟು ಕಮ್ಮಿ ಬೀಳುತ್ತಮ್ಮಾ?" ಅಂತ ಮಾತ್ರ ಕೇಳಿ, ಪೆನ್ನು ಹಾಳೆ ತಂದು ಪಕ್ಕದಲ್ಲಿ ಕೂತರು. ಅವತ್ತೇ ಮಾರುವ ತೀರ್ಮಾನ ಆಯಿತು.

ಆ ಪರ್ಸನಲ್ ಲೋನಿನ 14 ಕಂತು ಇನ್ನೂ ಇದೆ. ಈಗ ಬಾಡಿಗೆ ಮನೆಯಲ್ಲಿದ್ದೇವೆ, ಮೂವರೂ ಒಟ್ಟಿಗೆ. ಗೆಳತಿ ನಾಳೆ ಬ್ಯಾಂಕಿನಿಂದ ಬಾಕಿಯ ಪತ್ರ ತರುತ್ತೇನೆ ಅಂದಿದ್ದಾಳೆ. ಭಾನುವಾರ ಇಬ್ಬರೂ ಕೂತು ಲೆಕ್ಕ ಹಾಕುತ್ತೇವೆ. ಬೇರೆ ಯಾರಿಗಾದರೂ ಜೊತೆಗೆ ಕೂತು ನೋಡುವವರು ಬೇಕಿದ್ದರೆ ಮೆಸೇಜ್ ಮಾಡಿ.