ಕಣಗಿನಹಾಳದ ಸೊಸೈಟಿ: ಹೆಮ್ಮೆ ಉಳಿಯಿತು, ಹೊಣೆ ಹೋಯಿತು

ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಅಂತ ಹೆಸರಾದ ಸಂಘ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಪ್ರತಿ ನವೆಂಬರ್‌ನ ಸಹಕಾರ ಸಪ್ತಾಹದಲ್ಲಿ ಇಷ್ಟು ಹೇಳಿ, ಫೋಟೋಕ್ಕೆ ಮಾಲೆ ಹಾಕಿ ಮುಗಿಸುತ್ತಾರೆ. ಆ ಸಂಘ ಯಾವ ಕಟ್ಟುಪಾಡಿನ ಮೇಲೆ ನಿಂತಿತ್ತು ಅನ್ನೋದನ್ನ ಯಾರೂ ಎತ್ತುವುದಿಲ್ಲ.

1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಪ್ರಕಾರ ಕನಿಷ್ಠ 10 ಜನ ಸೇರಬೇಕು. ಗ್ರಾಮೀಣ ಸಂಘವಾದರೆ ಸದಸ್ಯರಲ್ಲಿ ಐದಕ್ಕೆ ನಾಲ್ವರು ರೈತರೇ ಇರಬೇಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಲಾಭ ಮೊದಲು ಮೀಸಲು ನಿಧಿಗೆ. ಡಿವಿಡೆಂಡ್ ಹಂಚುವ ಮಾತಿಲ್ಲ. ಇದೆಲ್ಲಕ್ಕಿಂತ ಮುಖ್ಯವಾದದ್ದು ಮಿತಿಯಿಲ್ಲದ ಹೊಣೆ. ಸಂಘ ಮುಳುಗಿದರೆ ಅದರ ಸಾಲ ತೀರಿಸಲು ಪ್ರತಿ ಸದಸ್ಯನ ಆಸ್ತಿಯೂ ಬಾಧ್ಯ. ಹಾಗಾಗಿ ಪಕ್ಕದ ಹೊಲದವನು ಸಾಲ ತೆಗೆದದ್ದು ಬಿತ್ತನೆಗೋ ಮದುವೆಗೋ ಅಂತ ವಿಚಾರಿಸುವುದು ಊರವರ ಸ್ವಂತ ಕೆಲಸವಾಗಿತ್ತು. ಅಂಥ ತಪಾಸಣೆಯನ್ನು ಯಾವ ಇನ್‌ಸ್ಪೆಕ್ಟರೂ ಮಾಡಲಾರ.

ಇದರ ಇನ್ನೊಂದು ಮುಖವೂ ಇತ್ತು. ಎಕರೆಗಟ್ಟಲೆ ಇದ್ದವರು ಬರಿಗೈಯವರ ಸಾಲಕ್ಕೆ ತಮ್ಮ ಹೊಲ ಒಡ್ಡಲು ಹಿಂಜರಿದರು. ಸಂಘಗಳು ಬೆಳೆಯಲಿಲ್ಲ. 1951ರ ಗ್ರಾಮೀಣ ಸಾಲ ಸಮೀಕ್ಷೆ ನಡೆದಾಗ ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಬರೀ ಶೇ 3ರಷ್ಟು. ಉಳಿದದ್ದರಲ್ಲಿ ದೊಡ್ಡ ಪಾಲು ಸಾಹುಕಾರರದ್ದೇ. ಆಮೇಲೆ ಸರ್ಕಾರವೇ ಷೇರು ಹಾಕಿತು, ಹೊಣೆಗೆ ಮಿತಿ ಬಂತು, ಸಂಘಗಳು ದೊಡ್ಡವಾದವು. ಸಾಲವೇನೋ ಹೆಚ್ಚು ಜನಕ್ಕೆ ಮುಟ್ಟಿತು. ಆದರೆ ದುಡ್ಡು ಮೇಲಿನಿಂದ, ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕಿನಿಂದ ಬರತೊಡಗಿದ ಮೇಲೆ ಅದು ನಮ್ಮದು ಅನ್ನುವ ಭಾವನೆ ಹೋಯಿತು.

ಪರಿಣಾಮ ಈಗ ಲೆಡ್ಜರಿನಲ್ಲಿದೆ. ನಮ್ಮ ರಾಜ್ಯದಲ್ಲಿ 5 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿಯಿಲ್ಲ, ಆದರೆ ಗಡುವಿನೊಳಗೆ ಕಟ್ಟಬೇಕು. ಫಸಲು ಮಾರಿ ದುಡ್ಡು ಕೈಸೇರುವುದಕ್ಕೆ ಮೊದಲೇ ಗಡುವು ಬಂದರೆ ರೈತ ಏನು ಮಾಡುತ್ತಾನೆ? ಎರಡು ಮೂರು ದಿನಕ್ಕೆ ಅಂತ ಕೈಸಾಲ ತಂದು ಕಟ್ಟುತ್ತಾನೆ, ಹೊಸ ಸಾಲ ಮಂಜೂರಾದ ಕೂಡಲೇ ಅದನ್ನು ತೀರಿಸುತ್ತಾನೆ. ಸರ್ಕಾರ ಬಿಟ್ಟ ಬಡ್ಡಿಯಲ್ಲಿ ಒಂದಿಷ್ಟು ಹೀಗೆ ಸಾಹುಕಾರನ ಜೇಬಿಗೇ ಹೋಗುತ್ತದೆ! ಕಾಗದದ ಮೇಲೆ ವಸೂಲಿ ಮಾತ್ರ ಅದ್ಭುತ. ಕೆಲವು ಕಡೆ ಇಷ್ಟು ಓಡಾಟವೂ ಇಲ್ಲ. ಹೊಸ ಸಾಲ ಬರೆದು ಹಳೆಯದಕ್ಕೆ ಜಮಾ ಮಾಡುತ್ತಾರೆ, ಅಷ್ಟೇ.

ಮಿತಿಯಿಲ್ಲದ ಹೊಣೆ ಮರಳಿ ಬರಲಿ ಅಂತ ನಾನು ಹೇಳುತ್ತಿಲ್ಲ, ಬರುವುದೂ ಬೇಡ. ವಾರ್ಷಿಕ ಸಭೆಗೆ ಹೋದಾಗ ಉಪ್ಪಿಟ್ಟು ತಿಂದು ಸಹಿ ಹಾಕಿ ಬರುವ ಮುಂಚೆ ಎರಡು ಅಂಕಿ ಕೇಳಿ: ಗಡುವಿನ ಕೊನೆಯ ವಾರದಲ್ಲಿ ಜಮಾ ಆದದ್ದೆಷ್ಟು, ಮುಂದಿನ ವಾರ ಅದೇ ಖಾತೆಗಳಿಗೆ ವಾಪಸ್ ಹೋದದ್ದೆಷ್ಟು.