ಶ್ರೀ ಬಸವರಾಜ ಫಾಂಡ್ಲಿ

ನಮ್ಮ ಹುಬ್ಬಳ್ಳಿ ಕಡೆ ತೊಟ್ಟಿಲಲ್ಲಿ ಇಟ್ಟ ಹೆಸರು ಅಂಗಳ ದಾಟುವಷ್ಟರಲ್ಲಿ ಮುರಿದಿರುತ್ತದೆ. ಮಲ್ಲಿಕಾರ್ಜುನ ಮಲ್ಯಾ, ಈರಪ್ಪ ಈರ್ಯಾ. ಬಸವರಾಜನನ್ನು ಯಾರಾದರೂ ಪೂರ್ತಿ ಬಸವರಾಜ ಅಂತ ಕರೆದರೆ ಏನೋ ಸಿಟ್ಟಿದೆ ಅಂತಲೇ ತಿಳಿಯಬೇಕು. ಪಾಟೀಲ ಪುಟ್ಟಪ್ಪನವರಂಥ ಹಿರಿಯರನ್ನೇ ಇಡೀ ನಾಡು ‘ಪಾಪು’ ಅಂದಿತು. ಗದುಗಿನ ನಾರಣಪ್ಪ ಕುಮಾರವ್ಯಾಸನಾದದ್ದಕ್ಕೂ ಯಾರೂ ಪೀಠಿಕೆ ಹಾಕಲಿಲ್ಲ.

ಆದರೆ ಈಗಿನ ಹುಡುಗರು ಕಾರ್ಡು, ಫ್ಲೆಕ್ಸು ಬರೆಯಲು ಕೂತರೆ ಮುದ್ದಿನ ಹೆಸರಿನ ಮುಂದೆ ಇಂಗ್ಲಿಷಿನ ಒಂದು ಭಾಲ್ದಾರ ನಿಲ್ಲಲೇಬೇಕು.

ಕಾಕಾನ ಅರವತ್ತರ ಕಾರ್ಯಕ್ರಮಕ್ಕೆ ಬೆಂಗಳೂರಿನ ಮಗ ಮೊದಲು ಬರೆದು ಕಳಿಸಿದ್ದು ‘ಬಸವರಾಜ ಅಲಿಯಾಸ್ ಬಶ್ಯಾ’. ಕಾಕಾ ಉರಿದುಬಿದ್ದ. “ನಾ ಏನ್ ಯಾರದರೆ ಮನಿ ಕಳುವು ಮಾಡೀನೇನಲೇ?” ಪೇಪರಿನಲ್ಲಿ ಅಲಿಯಾಸ್ ಬರುವುದು ಹೆಚ್ಚಾಗಿ ಅಂಥವರ ಹೆಸರಿಗೇ ಅಲ್ವಾ! ಉರ್ಫ್ ಅಂದರೂ ಹೊಲದ ಉತಾರದ ವಾಸನೆ. ಕೊನೆಗೆ ‘ಬಸವರಾಜ ಫಾಂಡ್ಲಿ ಕಾಲ್ಡ್ ಆ್ಯಸ್ ಬಶ್ಯಾ’, ಅಂದರೆ ಪ್ರೀತಿಯಿಂದ ಬಶ್ಯಾ ಅಂತ ಕರೆಸಿಕೊಳ್ಳುವ ಬಸವರಾಜ, ಅಂತ ವಾಟ್ಸಾಪಿನಲ್ಲಿ ಪ್ರೆಸ್ಸಿಗೆ ಹೋಯಿತು.

ಪ್ರೂಫ್ ನೋಡಿದ ಕಾಕೂ, “ಬಶ್ಯಾ ತಗಸ್ರಿ, ಬೀಗರು ನೋಡ್ತಾರ” ಅಂದಳು. ಪ್ರೆಸ್ಸಿನ ಹುಡುಗ ಹಿಂದಿನಿಂದ ಒಂದೊಂದೇ ಪದ ಅಳಿಸುತ್ತಾ ಬಂದು ಫಾಂಡ್ಲಿ ಹತ್ತಿರ ಕೈ ನಿಲ್ಲಿಸಿದ. ಅವನನ್ನು ಬೈದು ಉಪಯೋಗವಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಅಂತ ಅಡ್ಡಹೆಸರು ಇರುವ ಸೀಮೆಯಲ್ಲಿ ಫಾಂಡ್ಲಿ ಯಾಕಿರಬಾರದು?

ಬಂಗಾರದ ಬಣ್ಣದ ದಪ್ಪ ಅಕ್ಷರ, ನಾಲ್ಕೂ ಮೂಲೆಗೆ ಅರಿಷಿಣ. ನಡುವೆ ‘ಶ್ರೀ ಬಸವರಾಜ ಫಾಂಡ್ಲಿ’. ನೋಡುವಷ್ಟರಲ್ಲಿ ಅರ್ಧ ಕಾರ್ಡು ಹಂಚಿಯಾಗಿತ್ತು. ಹಾವೇರಿಯಿಂದ ಒಬ್ಬರು ಫೋನ್ ಮಾಡಿ, “ಈ ವಯಸ್ಸಿನ್ಯಾಗ ದತ್ತಕ ಹೋದ್ರೇನ್ರಿ?” ಅಂತ ಕೇಳಿದರು. ಆಸ್ತಿ ಎಷ್ಟು ಬಂತು ಅಂತಲೂ ಕೇಳಿದರಂತೆ. ಕಾಕಾ ಅದನ್ನು ಮಾತ್ರ ನಮಗೆ ಹೇಳಲಿಲ್ಲ.

ಕಾರ್ಯಕ್ರಮದ ದಿನ ನಿರೂಪಣೆಯ ಹುಡುಗಿ ಕಾರ್ಡು ನೋಡಿಕೊಂಡು, “ಈಗ ಫಾಂಡ್ಲಿ ದಂಪತಿಗಳು ವೇದಿಕೆಗೆ ಬರಬೇಕು” ಅಂದಳು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಕಾಕಾ ತಾನೂ ಚಪ್ಪಾಳೆ ತಟ್ಟಿ, ಯಾರು ಬರುತ್ತಾರೆ ಅಂತ ಹಿಂದೆ ತಿರುಗಿ ನೋಡಿದ. ಆಕೆ ಮತ್ತೊಮ್ಮೆ ಕರೆದಳು. ಯಾರೂ ಬರಲಿಲ್ಲ.

ಕಡೆಗೆ ಗದಗಿನಿಂದ ಬಂದಿದ್ದ ಕಾಕಾನ ಸಾಲಿ ಗೆಳೆಯರೊಬ್ಬರು ಕುರ್ಚಿ ಸರಿಸಿ ಎದ್ದರು. “ಏ ಬಶ್ಯಾ, ನಿನ್ನ ಕರ್ಯಾಕತ್ತಾರಲೇ, ಏಳು ಮ್ಯಾಲೆ!”

ಕಾಕಾ ಥಟ್ಟನೆ ಎದ್ದ. ಬೀಗರಿಗೂ ಚೆನ್ನಾಗಿ ಕೇಳಿಸಿತು.